ಹನ್ನೆರಡಕ್ಕೂ ಹದಿನೈದಕ್ಕೂ ನಡುವೆ ಎಂಟು ಸುತ್ತು

ನನ್ನ ದಿನಚರಿಯ ಪ್ರಕಾರ ಆ ಪ್ರಶ್ನೆಯನ್ನು ಮೊದಲ ಸಲ ಬರೆದದ್ದು ಏಪ್ರಿಲ್ ಹತ್ತೊಂಬತ್ತರಂದು. “ಟ್ರಾನ್ಸ್‌ಫಾರ್ಮರ್ ಯಾವುದು?” ಎಂದು ಬರೆದು, ಕೆಳಗೆ ಉತ್ತರಕ್ಕೆಂದು ಎರಡು ಗೆರೆ ಖಾಲಿ ಬಿಟ್ಟಿದ್ದೆ. ಮಾರನೇ ದಿನ ತುಂಬಿಸಿದರಾಯಿತು ಎಂಬ ಅಂದಾಜು. ಆ ಎರಡು ಗೆರೆ ಈಗಲೂ ಖಾಲಿಯೇ ಇವೆ. ಉತ್ತರ ಹುಡುಕಿದ ಗಲಾಟೆಯೆಲ್ಲ ಮುಂದಿನ ನಲವತ್ತಮೂರು ಪುಟಗಳಲ್ಲಿ ಹರಡಿಕೊಂಡಿದೆ. ಈಗ ಓದುತ್ತ ಹೋದರೆ, ಯಾವ ಪುಟದಲ್ಲಿ ನನಗೆ ಏನು ಗೊತ್ತಿತ್ತು, ಯಾವುದನ್ನು ಗೊತ್ತಿದೆ ಎಂದು ತಪ್ಪಾಗಿ ತಿಳಿದಿದ್ದೆ ಎಂಬುದನ್ನು ಬೇರೆ ಮಾಡುವುದೇ ಕಷ್ಟ.

ನಾನು ಬ್ರಹ್ಮಾವರದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರದ ಲ್ಯಾಬ್ ನೋಡಿಕೊಳ್ಳುತ್ತೇನೆ. ಮನೆ ಕುಂದಾಪುರದಲ್ಲಿ, ಹೊಳೆಯ ದಂಡೆಗೆ. ಬಸ್ಸಿನಲ್ಲಿ ದಿನಾ ಹೋಗಿ ಬರುತ್ತೇನೆ. ಉಳಿದ ಹೊತ್ತಿನಲ್ಲಿ ಹದಿನಾಲ್ಕು ತಿಂಗಳಿಂದ ಒಂದು ವಾದ್ಯ ಕಟ್ಟುತ್ತಿದ್ದೆ. ಅದಕ್ಕೆ ಮಾಡ್ಯುಲರ್ ಸಿಂಥಸೈಜರ್ ಎನ್ನುತ್ತಾರೆ. ಕೀಬೋರ್ಡಿನ ಹಾಗೆ ಮನೆಗಳಿರುವ ವಾದ್ಯವಲ್ಲ. ಅಂಗೈ ಅಗಲದ ಎಲೆಕ್ಟ್ರಾನಿಕ್ ಹಲಗೆಗಳು; ಒಂದು ಹಲಗೆ ಸ್ವರ ಹುಟ್ಟಿಸುತ್ತದೆ, ಇನ್ನೊಂದು ಆ ಸ್ವರದ ಚೂಪು ತೆಗೆಯುತ್ತದೆ, ಮತ್ತೊಂದು ಅದನ್ನು ಏರಿಸಿ ಇಳಿಸುತ್ತದೆ. ಅವುಗಳ ನಡುವೆ ವಯರು ಚುಚ್ಚಿ ಜೋಡಿಸಿದಂತೆ ಸದ್ದು ಬದಲಾಗುತ್ತದೆ. ನಾನು ಹನ್ನೊಂದು ಹಲಗೆ ಮಾಡಿದ್ದೆ. ಒಂದೊಂದನ್ನೂ ಲ್ಯಾಬಿನ ಪವರ್ ಸಪ್ಲೈಗೆ ಕೊಟ್ಟು ಪರೀಕ್ಷಿಸಿ, ದಿನಾಂಕ ಹಾಕಿ, “ಸರಿ” ಎಂದು ಬರೆದಿದ್ದೆ. ಹನ್ನೊಂದೂ ಸೇರಿ ಮಾಡುವ ಸದ್ದನ್ನು ಮಾತ್ರ ನಾನೇ ಕೇಳಿರಲಿಲ್ಲ. ಲ್ಯಾಬಿನ ಸಪ್ಲೈಗೆ ಅಷ್ಟು ಶಕ್ತಿಯಿಲ್ಲ, ಕಾಲೇಜಿನ ಉಪಕರಣ ಗೇಟು ದಾಟುವಂತೆಯೂ ಇಲ್ಲ.

ಆ ಹಲಗೆಗಳಿಗೆ ಪೆಟ್ಟಿಗೆ ಮಾಡಿಕೊಟ್ಟವರು ಅಪ್ಪ. ಅವರು ಆಳಸಮುದ್ರದ ಬೋಟಿಗೆ ಹೋಗುವವರು. ಜೂನ್, ಜುಲೈ ಎರಡು ತಿಂಗಳು ಮೀನುಗಾರಿಕೆ ನಿಷೇಧ ಇರುವಾಗ ಮಾತ್ರ ಮನೆಯಲ್ಲಿ ಸಿಗುತ್ತಾರೆ. ಆಗಸ್ಟ್ ಬಂತೆಂದರೆ ಹತ್ತು ದಿನಕ್ಕೊಮ್ಮೆ ದಡಕ್ಕೆ ಬಂದು, ಸ್ನಾನ ಮಾಡಿ, ಊಟ ಮಾಡಿ, ಹೆಣದ ಹಾಗೆ ಮಲಗಿ, ಎದ್ದು ಹೋಗುತ್ತಾರೆ. ಹಿಂದಿನ ಮಳೆಗಾಲದಲ್ಲಿ ಬೋಟಿನ ಪ್ಲೈವುಡ್ ಉಳಿದದ್ದನ್ನು ತಂದು, ಅಳತೆ ಹಿಡಿದು, ಮೂಲೆ ಉಜ್ಜಿ ಪೆಟ್ಟಿಗೆ ಮಾಡಿದ್ದರು. “ಇದ್ರ್ ಸ್ವರ ಯಾವಾಗ್ ಕೇಂಬುದ್?” ಎಂದು ಆಗಲೇ ಕೇಳಿದ್ದರು. “ಈ ಮಳೆಗಾಲ ಮುಗಿಯೋದ್ರೊಳಗೆ” ಎಂದು ಹೇಳಿದ್ದೆ. ಆ ಮಳೆಗಾಲ ಮುಗಿಯಿತು, ಬೋಟು ಹೋಯಿತು, ಪೆಟ್ಟಿಗೆ ಖಾಲಿಯೇ ಇತ್ತು. ಈ ವರ್ಷ ನಾನು ಮಾತು ಕೊಟ್ಟಿರಲಿಲ್ಲ, ಆದರೆ ಪುಸ್ತಕದಲ್ಲಿ ಜುಲೈ ಮೂವತ್ತೊಂದರ ಪುಟಕ್ಕೆ ಮೊದಲೇ ಒಂದು ಗೆರೆ ಎಳೆದಿಟ್ಟಿದ್ದೆ. ಅಪ್ಪ ಹೊರಡುವ ಮೊದಲು ಅದು ಕೂಗಬೇಕು. ಇಲ್ಲದಿದ್ದರೆ ಇನ್ನೊಂದು ವರ್ಷ.

ಉಳಿದದ್ದು ಕರೆಂಟಿನ ಕೆಲಸ ಒಂದೇ. ಹಲಗೆಗಳಿಗೆ ಒಂದು ಕಡೆಯಿಂದ ಹನ್ನೆರಡು ವೋಲ್ಟ್, ಇನ್ನೊಂದು ಕಡೆಯಿಂದ ಮೈನಸ್ ಹನ್ನೆರಡು, ನಡುವೆ ಸೊನ್ನೆ, ಇಷ್ಟು ಬೇಕು. ಗೋಡೆಯ ಕರೆಂಟನ್ನು ಟ್ರಾನ್ಸ್‌ಫಾರ್ಮರ್ ತಗ್ಗಿಸುತ್ತದೆ. ತಗ್ಗಿಸಿದ್ದನ್ನು ಡಯೋಡುಗಳು ನೇರ ಮಾಡುತ್ತವೆ, ಕೆಪಾಸಿಟರುಗಳು ಅದರ ಏರಿಳಿತ ತುಂಬುತ್ತವೆ. ಆಮೇಲೆ ರೆಗ್ಯುಲೇಟರ್ ಎಂಬ ಮೂರು ಕಾಲಿನ ಪುಟ್ಟ ತುಂಡು ಅದನ್ನು ಅಲುಗಾಡದ ಹನ್ನೆರಡು ಮಾಡುತ್ತದೆ. ಆ ರೆಗ್ಯುಲೇಟರಿಗೆ ಮೇಲಿನಿಂದ ಹದಿನಾಲ್ಕೂವರೆಯಾದರೂ ಬರುತ್ತಿರಬೇಕು. ಕಡಿಮೆ ಬಂದರೆ ಸ್ವರದೊಳಗೆ ಗೂಂ ಎಂಬ ಸದ್ದು ಕೂರುತ್ತದೆ. ತೀರ ಹೆಚ್ಚು ಬಂದರೆ ಕಾಯುತ್ತದೆ. ಕಾದು ಕೆಟ್ಟರೆ ಮೇಲಿನಿಂದ ಬಂದದ್ದನ್ನೆಲ್ಲ ಹಲಗೆಗಳ ಮೇಲೆ ಸುರಿದುಬಿಡಬಹುದು. ನನ್ನ ಸ್ವರದ ಹಲಗೆಯಲ್ಲಿದ್ದ ಎರಡು ಐಸಿ ಚಿಪ್‌ಗಳು ಬ್ರಹ್ಮಾವರದಲ್ಲಿ ಬಾಗಿಲು ಹಾಕಿದ ಒಂದು ಟಿವಿ ರಿಪೇರಿ ಅಂಗಡಿಯ ಡಬ್ಬಿಯಲ್ಲಿ ಸಿಕ್ಕಿದವು. ಈಗ ಅವು ತಯಾರಾಗುವುದಿಲ್ಲ. ಸುಟ್ಟರೆ ಮುಗಿಯಿತು.

ಹಾಗಾಗಿ ಕೇಳಿಯೇ ತೆಗೆದುಕೊಳ್ಳೋಣ ಎಂದು ಹೊರಟೆ.

ಮೊದಲು ಲ್ಯಾಬಿನ ಸರ್. ಅವರು ಕಪ್ಪು ಹಲಗೆಯ ಮೇಲೆ ಒಂದು ಅಲೆ ಬರೆದು, “ಹನ್ನೆರಡರ ಟ್ರಾನ್ಸ್‌ಫಾರ್ಮರ್ ಹಾಕಿದರೆ ತುದಿಯಲ್ಲಿ ಹದಿನೇಳು ಬರುತ್ತದೆ, ಡಯೋಡು ಒಂದೂವರೆ ತಿನ್ನುತ್ತದೆ, ಹನ್ನೊಂದು ಹಲಗೆ ಎಳೆಯುವಾಗ ಉಳಿದದ್ದು ಸಾಲದು. ಹದಿನೈದರದ್ದು ಹಾಕಮ್ಮ” ಎಂದರು. ಬರೆದುಕೊಂಡೆ: ಹದಿನೈದು, ಒಂದು ಮತ.

ಬೈಂದೂರಿನಲ್ಲಿ ಪಂಪು, ಮೋಟಾರು ರಿವೈಂಡ್ ಮಾಡುವವರೊಬ್ಬರಿದ್ದಾರೆ. ಭಾನುವಾರ ಅಲ್ಲಿಗೆ ಹೋದೆ. ಅಂಗಡಿಯ ತುಂಬ ತಾಮ್ರದ ತಂತಿ, ವಾರ್ನಿಷಿನ ವಾಸನೆ. ನಾನು ಲೆಕ್ಕದ ಹಾಳೆ ಬಿಚ್ಚುವ ಮೊದಲೇ ಅವರು ಅಂದರು:

“ಹದಿನೆಂಟ್ ಹಾಕ್ ಮಾರಾಯ್ತಿ. ನಮ್ಮೂರಂಗೆ ಕರೆಂಟ್ ಪೂರ್ತಿ ಬತ್ತಾ? ಅರ್ಧ ದಾರಿಯಂಗೆ ಕೂಕಣ್ತ್.”

“ಬಿಸಿ ಆಗ್ತದಲ್ಲ, ರೆಗ್ಯುಲೇಟರು?”

“ಆಯ್ಲಿ. ಬಿಸಿ ಆಪ್ಪುಕೇ ಅಲ್ದಾ ಅದ್ ಇಪ್ಪುದ್?”

ಹದಿನೆಂಟು, ಒಂದು ಮತ. ನನಗೆ ಬೇಕಾದ್ದನ್ನೇ ಸುತ್ತಿಕೊಡುತ್ತೀರಾ ಎಂದು ಕೇಳಿದೆ. ಮಳೆಗಾಲ ಕಳೆದು ಬಾ ಎಂದರು. ಬೋಟುಗಳು ದಡದಲ್ಲಿರುವಾಗಲೇ ಅವುಗಳ ಡೈನಮೋ, ಮೋಟಾರುಗಳೆಲ್ಲ ರಿಪೇರಿಗೆ ಬರುವುದು. ಆ ಎರಡು ತಿಂಗಳು ಅವರಿಗೆ ತಲೆ ಎತ್ತಲು ಪುರುಸೊತ್ತಿಲ್ಲ. ಅಪ್ಪನಿಗೆ ಬಿಡುವಿರುವ ಹೊತ್ತೇ ಇವರಿಗೆ ಬಿಡುವಿಲ್ಲದ ಹೊತ್ತು.

ಮೂರನೆಯವರು ಬಸ್ರೂರಿನ ಮೈಕ್‌ಸೆಟ್ಟಿನ ಅಣ್ಣ. ಮದುವೆ, ಪೂಜೆಗಳಿಗೆ ಮೈಕ್ ಕಟ್ಟುತ್ತಾರೆ, ಹಳೆಯ ಆಂಪ್ಲಿಫೈಯರ್ ರಿಪೇರಿ ಮಾಡುತ್ತಾರೆ. ಅವರು ನನ್ನ ಹಾಳೆಯನ್ನು ಕನ್ನಡಕದ ಮೇಲಿನಿಂದಲೂ ನೋಡಿದರು, ಕೆಳಗಿನಿಂದಲೂ ನೋಡಿದರು.

“ನಿಂಗೆ ಬೇಕಾದ್ದ್ ಎಷ್ಟ್?”

“ಹನ್ನೆರಡು.”

“ಹನ್ನೆರ್ಡ್ ಬೇಕಾರೆ ಹನ್ನೆರ್ಡ್ ಹಾಕುದಪ್ಪ. ಇದ್ರಂಗೆ ಇಷ್ಟ್ ಬರಿಯುಕೆ ಎಂತ ಇತ್ತ್?”

ಇಂಟರ್ನೆಟ್ಟಿನಲ್ಲಿ ಕೇಳಿದರೆ ಊರು ಗೊತ್ತಿಲ್ಲದ ನಾಲ್ಕು ಜನ ಮೂರು ರೀತಿ ಹೇಳಿದರು. ಒಬ್ಬರಂತೂ ಟ್ರಾನ್ಸ್‌ಫಾರ್ಮರಿನ ಗೊಡವೆಯೇ ಬೇಡ, ಸಿದ್ಧ ಅಡಾಪ್ಟರ್ ತಗೋ ಎಂದರು. ಮೇ ತಿಂಗಳ ಮೊದಲ ವಾರದ ಮೊತ್ತ ಹೀಗಿತ್ತು: ಹನ್ನೆರಡಕ್ಕೆ ಎರಡು, ಹದಿನೈದಕ್ಕೆ ಮೂರು, ಹದಿನೆಂಟಕ್ಕೆ ಒಂದು, ಯಾವುದೂ ಬೇಡ ಎಂಬುದಕ್ಕೆ ಒಂದು. ಮತ ಎಣಿಸಿ ವೋಲ್ಟ್ ನಿರ್ಧರಿಸುವುದು ಸರಿಯಲ್ಲ ಎಂದು ನನಗೂ ಗೊತ್ತಿತ್ತು. ಆದರೂ ಎಣಿಸಿದೆ.

ರಿವೈಂಡಿಂಗಿನವರ ಒಂದು ಮಾತು ಮಾತ್ರ ತಲೆಯಲ್ಲಿ ಉಳಿಯಿತು: ಕರೆಂಟು ಪೂರ್ತಿ ಬರುತ್ತದೆಯೇ? ಮನೆಯ ಪ್ಲಗ್ಗಿನಲ್ಲಿ ಮೀಟರಿಟ್ಟು ಬೆಳಿಗ್ಗೆ ಏಳಕ್ಕೆ, ಸಂಜೆ ಆರಕ್ಕೆ, ಎಂಟಕ್ಕೆ ಅಳೆಯತೊಡಗಿದೆ. ಮೇ ತಿಂಗಳ ಇಪ್ಪತ್ತೊಂದು ದಿನ, ಅರವತ್ತಮೂರು ಅಳತೆ. ಇನ್ನೂರ ಮೂವತ್ತು ಇರಬೇಕಾದದ್ದು ಸಂಜೆ ಹೊತ್ತಿಗೆ ಇನ್ನೂರರ ಕೆಳಗೆ. ಒಂದು ದಿನ ನೂರ ಎಂಬತ್ತೆಂಟು. ಫ್ಯಾನು ಸುತ್ತುವುದನ್ನು ನೋಡಿದರೇ ಗೊತ್ತಾಗುತ್ತಿತ್ತು. ಹಾಗಾದರೆ ಹನ್ನೆರಡರದ್ದು ಖಂಡಿತ ಆಗದು, ಹದಿನೈದು, ಬಹುಶಃ ಹದಿನೆಂಟೇ ಸರಿ ಎಂದು ದಪ್ಪ ಅಕ್ಷರದಲ್ಲಿ ಬರೆದೆ.

ಜೂನ್ ಎರಡನೇ ವಾರ ಮಳೆ ಹಿಡಿಯಿತು. ತೋಟದ ಪಂಪುಗಳೆಲ್ಲ ನಿಂತವು. ಅಭ್ಯಾಸಬಲದಿಂದ ಮೀಟರಿಟ್ಟರೆ ಇನ್ನೂರ ನಲವತ್ತೊಂಬತ್ತು. ಮೀಟರಿನ ಬ್ಯಾಟರಿ ಹೋಗಿದೆ ಎಂದು ಹೊಸದು ಹಾಕಿದೆ. ಇನ್ನೂರ ಐವತ್ತು. ಕಾಲೇಜಿನ ಮೀಟರಿನೊಡನೆ ಹೋಲಿಸಿದೆ; ನನ್ನದು ಸರಿಯಾಗಿಯೇ ಇತ್ತು. ಒಂದು ಬೆಳಿಗ್ಗೆ ಇನ್ನೂರ ಐವತ್ತಾರು ಕಂಡಿತು. ಅಷ್ಟಕ್ಕೆ ಹದಿನೆಂಟಿನ ಲೆಕ್ಕ ಮಾಡಿದರೆ ಇಪ್ಪತ್ತೈದು ವೋಲ್ಟಿನವರೆಗೆ ಮಾತ್ರ ತಾಳುವ ನನ್ನ ಕೆಪಾಸಿಟರುಗಳು ಒಡೆಯುತ್ತವೆ. ಹದಿನೈದರ ಲೆಕ್ಕವೂ ಆ ಇಪ್ಪತ್ತೈದರ ಹತ್ತಿರ ಹತ್ತಿರವೇ ಬರುತ್ತದೆ. ಮೇ ತಿಂಗಳ ಅರವತ್ತಮೂರು ಅಳತೆ ಸುಳ್ಳಲ್ಲ, ಜೂನಿನದ್ದೂ ಸುಳ್ಳಲ್ಲ. ಒಂದೇ ಗೋಡೆಯ ಒಂದೇ ಪ್ಲಗ್ಗು. ಬೇಸಿಗೆಗೆ ಒಂದು, ಮಳೆಗಾಲಕ್ಕೆ ಒಂದು ಎಂದು ಎರಡು ಟ್ರಾನ್ಸ್‌ಫಾರ್ಮರ್ ಇಡಬೇಕೇ ಎಂದು ಕೂಡ ಒಂದು ಪುಟದಲ್ಲಿ ಕೇಳಿಕೊಂಡಿದ್ದೇನೆ. ಓದಿದರೆ ನಗು ಬರುತ್ತದೆ, ಬರೆಯುವಾಗ ಬಂದಿರಲಿಲ್ಲ.

ಸರ್ ಹತ್ತಿರ ಎರಡೂ ತಿಂಗಳ ಹಾಳೆ ಇಟ್ಟೆ. ಅವರು ಬಹಳ ಹೊತ್ತು ನೋಡಿ, “ನಿನಗೆ ಬೇಕಾದದ್ದು ಹನ್ನೆರಡೂ ಅಲ್ಲ, ಹದಿನೈದೂ ಅಲ್ಲ. ನಡುವಿನದ್ದು, ಹದಿನಾಲ್ಕು ಚಿಲ್ಲರೆ” ಎಂದರು.

“ಅದು ಸಿಗ್ತದಾ ಸರ್?”

“ಅಂಗಡಿಯಲ್ಲಿ ಸಿಗುವುದಿಲ್ಲ” ಎಂದು ತರಗತಿಗೆ ಹೋದರು.

ಬಸ್ರೂರಿಗೆ ಎರಡನೇ ಸಲ ಹೋದದ್ದು ಜುಲೈ ಐದರಂದು. ಮೈಕ್‌ಸೆಟ್ಟಿನ ಅಣ್ಣ ಈ ಸಲ ನೇರ ಒಳಗೆ ಹೋಗಿ ಒಂದು ಹಳೆಯ ಆಂಪ್ಲಿಫೈಯರಿನ ಹೊಟ್ಟೆಯಿಂದ ಬಿಚ್ಚಿದ ಟ್ರಾನ್ಸ್‌ಫಾರ್ಮರ್ ತಂದರು. ಸಾಮಾನ್ಯವಾದವು ಚೌಕ ಇರುತ್ತವೆ. ಇದು ದುಂಡಗೆ, ನಡುವೆ ತೂತಿನ ಬಳೆಯ ಹಾಗೆ, ಮೈತುಂಬ ತಾಮ್ರದ ತಂತಿ ಸುತ್ತಿಕೊಂಡಿತ್ತು. ಇಂಥದ್ದು ಸ್ವರಕ್ಕೆ ಗೂಂ ಎನ್ನುವ ಸದ್ದು ಸೇರಿಸುವುದು ಕಡಿಮೆ. ಹನ್ನೆರಡು ವೋಲ್ಟಿನ ಎರಡು ಸುರುಳಿ ಅದರಲ್ಲಿದ್ದವು.

“ಕಮ್ಮಿ ಆರೆ ಮೇಲಿಂದ ಸ್ವಲ್ಪ ತಂತಿ ಸುತ್ಕೊ. ಸುತ್ತ್ ಜಾಸ್ತಿ ಆದಾಂಗೆ ವೋಲ್ಟೂ ಜಾಸ್ತಿ ಆತ್ತ್. ಅದ್ಕೆಂತ ಬೈಂದೂರಿಗೆ ಹೋಯ್ಕಾ?”

ತಿಂಗಳುಗಟ್ಟಲೆ ಯಾರೂ ಇದನ್ನು ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ, ಯಾವುದನ್ನು ಕೊಳ್ಳಬೇಕು ಎಂದೇ ಎಲ್ಲರನ್ನೂ ಕೇಳಿದ್ದೆ.

ಮನೆಗೆ ತಂದಾಗ ಅಮ್ಮ ಅದನ್ನು ಕೈಯಲ್ಲಿ ಹಿಡಿದು, “ಇದೆಂತ, ಉದ್ದಿನ ವಡೆ ತಂದ್ಯಾ? ಕಲ್ಲಿನಾಂಗ್ ಆಯ್ತಲೆ” ಎಂದರು. ಲ್ಯಾಬಿನಲ್ಲಿ ಅಳೆದೆ. ಒಂದೊಂದು ಸುರುಳಿಯಲ್ಲೂ ಹನ್ನೆರಡು ಪಾಯಿಂಟ್ ನಾಲ್ಕು. ಪರೀಕ್ಷೆಗೆಂದು ಹತ್ತು ಸುತ್ತು ಬೇರೆ ತಂತಿ ಸುತ್ತಿ ನೋಡಿದರೆ ಎರಡೂವರೆ ವೋಲ್ಟ್. ಅಂದರೆ ಎಂಟು ಸುತ್ತಿಗೆ ಎರಡು ವೋಲ್ಟ್. ಎರಡೂ ಕಡೆ ಎಂಟೆಂಟು ಸುತ್ತು ಸೇರಿಸಿದರೆ ಹದಿನಾಲ್ಕು ಪಾಯಿಂಟ್ ನಾಲ್ಕು. ಜುಲೈ ಎಂಟರ ಪುಟದಲ್ಲಿ ಈ ಲೆಕ್ಕವನ್ನು ನಾಲ್ಕು ಸಲ ಮಾಡಿದ್ದೇನೆ, ನಾಲ್ಕು ಸಲವೂ ಒಂದೇ ಉತ್ತರ. ಅಷ್ಟು ದಿನಗಳಲ್ಲಿ ಗೊಂದಲವಿಲ್ಲದೆ ಬರೆದ ಪುಟ ಅದೊಂದೇ.

ಸುತ್ತಲು ಕುಳಿತಾಗ ಬೇರೆಯೇ ತೊಂದರೆ. ತಾಮ್ರದ ತಂತಿಗೆ ಮೇಲೆ ತೆಳ್ಳಗಿನ ಎನಾಮಲ್ ಬಳಿದಿರುತ್ತದೆ. ಅದು ಕೆರೆದುಹೋದರೆ ಪಕ್ಕದ ತಂತಿಗೆ ತಾಗಿ ಎಲ್ಲ ಹಾಳು. ತೂತು ಸಣ್ಣದು. ನಾನು ತಂತಿಯ ತುದಿಯನ್ನು ಎಳೆದೆಳೆದು ಮೂರನೇ ಸುತ್ತಿಗೇ ಎರಡು ಕಡೆ ಕೆರೆದುಬಿಟ್ಟೆ. ಅಪ್ಪ ಜಗಲಿಯಲ್ಲಿ ಬಲೆ ಹೆಣೆಯುತ್ತ ನೋಡುತ್ತಿದ್ದರು.

“ಹೆಣೆ, ಅದನ್ ಹಾಂಗೆ ಜಗ್ಗುದಾ? ಕೊಡ್ ಇಲ್ಲಿ.” ಹೆಣೆ ಎಂದರೆ ನಮ್ಮ ಕಡೆ ಹುಡುಗಿ; ಅಪ್ಪ ನನ್ನನ್ನು ಕರೆಯುವುದೇ ಹಾಗೆ.

ಬಲೆ ಹೆಣೆಯುವ ಪ್ಲಾಸ್ಟಿಕ್ ಸೂಜಿ ಗೊತ್ತಲ್ಲ, ಅಂಗೈ ಉದ್ದ, ಚಪ್ಪಟೆ, ಹೊಟ್ಟೆಯಲ್ಲಿ ನೂಲು ಸುತ್ತಿಟ್ಟುಕೊಳ್ಳುತ್ತದೆ. ಅಪ್ಪ ಅದರ ನೂಲು ಬಿಚ್ಚಿ ನನ್ನ ತಾಮ್ರದ ತಂತಿ ತುಂಬಿದರು. ಸೂಜಿ ತೂತಿನೊಳಗೆ ನುಣ್ಣಗೆ ಇಳಿದು ಹೊರಬಂತು. ತಂತಿ ಎಲ್ಲಿಯೂ ಉಜ್ಜಲಿಲ್ಲ. ಎಂಟು ಸುತ್ತು ಎಂದು ಹೇಳಿದೆ. ಶುರುವಿನ ತುದಿಗೆ ಕೆಂಪು ಟೇಪು, ಕೊನೆಯ ತುದಿಗೆ ಕಪ್ಪು ಟೇಪು ಹಚ್ಚಲು ಹೇಳಿದೆ. ಹಳೆಯ ಸುರುಳಿ ಮುಗಿದಲ್ಲಿ ಕೆಂಪು ಸೇರಿಸಬೇಕು, ಆಗ ಎರಡೂ ಒಂದೇ ಸುರುಳಿಯಾಗುತ್ತವೆ. ಮಳೆ ಜೋರಾದ್ದರಿಂದ ನಾನು ಬಟ್ಟೆ ತೆಗೆಯಲು ಹೋದೆ. ಬಂದಾಗ ಎರಡೂ ಕಡೆ ಮುಗಿದಿತ್ತು. ಪಕ್ಕಪಕ್ಕದಲ್ಲಿ ಎಂಟೆಂಟು ಸುತ್ತು, ಒಂದರ ಮೇಲೊಂದು ಹತ್ತದೆ, ಕಾರ್ಖಾನೆಯಲ್ಲಿ ಮಾಡಿದ ಹಾಗೆ.

“ನಿಂಗ್ಳ್ ಕಾಲೇಜಂಗೆ ಇದ್ನೆಲ್ಲ ಕಲ್ಸುದಿಲ್ಯಾ?” ಎಂದು ಅಪ್ಪ ನಕ್ಕರು. ನಾನು ಎರಡು ಸಲ ಎಣಿಸಿದೆ. ಸರಿಯಿತ್ತು.

ಬೆಸುಗೆ ಹಾಕಿ, ವಾರ್ನಿಷ್ ಬಳಿದು ಒಣಗಿಸಿ, ಪಟ್ಟಿ ಸುತ್ತಿ, ಜುಲೈ ಇಪ್ಪತ್ತನಾಲ್ಕಕ್ಕೆ ಲ್ಯಾಬಿಗೆ ಒಯ್ದೆ. ಹಲಗೆಗಳನ್ನು ಜೋಡಿಸಿರಲಿಲ್ಲ, ಬರೀ ಟ್ರಾನ್ಸ್‌ಫಾರ್ಮರ್. ಒಂದು ಕಡೆ ಹದಿನಾಲ್ಕು ಪಾಯಿಂಟ್ ನಾಲ್ಕು. ಖುಷಿಯಿಂದ ಬರೆದುಕೊಂಡು ಇನ್ನೊಂದು ಕಡೆ ಮೀಟರಿಟ್ಟೆ. ಹತ್ತು ಪಾಯಿಂಟ್ ನಾಲ್ಕು.

ಹತ್ತು ಪಾಯಿಂಟ್ ನಾಲ್ಕು ಹೇಗೆ ಬರಲು ಸಾಧ್ಯ? ಅಪ್ಪ ಏನನ್ನೂ ಸುತ್ತದೇ ಇದ್ದರೂ ಹನ್ನೆರಡು ಪಾಯಿಂಟ್ ನಾಲ್ಕು ಇರಬೇಕಿತ್ತು. ಸೇರಿಸಿದ ಮೇಲೆ ಕಡಿಮೆಯಾಗಿತ್ತು.

ಮೀಟರಿನ ಕಡ್ಡಿ ಬದಲಿಸಿದೆ. ಬೇರೆ ಮೀಟರ್ ತಂದೆ. ಬೆಸುಗೆ ಬಿಚ್ಚಿ ಮತ್ತೆ ಹಾಕಿದೆ. ಸುತ್ತು ಎಣಿಸಿದೆ, ಎಂಟು. ಸರ್ ರಜೆಯಲ್ಲಿದ್ದರು. ಮರುದಿನ ಮಳೆಯಲ್ಲಿ ಬಸ್ರೂರಿಗೆ ಹೋದೆ. ಅಣ್ಣ ತಮ್ಮ ಮೀಟರಿನಲ್ಲಿ ನೋಡಿದರು. ಅಲ್ಲೂ ಅಷ್ಟೇ.

“ಸುತ್ತ್ ಕಮ್ಮಿ ಆಯ್ತ್ ಕಾಣ್.”

“ಎಂಟೇ ಇತ್ತಣ್ಣ. ಕಮ್ಮಿ ಆದ್ರೂ ಇದ್ದದ್ದಕ್ಕಿಂತ ಕೆಳಗೆ ಯಾಕೆ ಹೋಯ್ತ್?”

ಅವರು ಕನ್ನಡಕ ತೆಗೆದು ಒರೆಸಿದರು. “ಹಳೇ ಸಾಮಾನ್ ಮಾರಾಯ್ತಿ. ಒಳಗೆಂತ ಆಯ್ತೋ. ಆ ಕಡೆ ಸುಟ್ಟಿರೂಕೂ ಸಾಕ್” ಎಂದರು. ಆ ಹೊತ್ತಿಗೆ ಕರೆಂಟೂ ಹೋಯಿತು. ಮತ್ತೆ ಅಳೆಯುವಂತಿಲ್ಲ. ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಂಡು ಬಸ್ಸಿನಲ್ಲಿ ಕುಳಿತೆ. ಆ ದಿನದ ಪುಟದಲ್ಲಿ ಕಾರಣಗಳ ಪಟ್ಟಿಯಿದೆ: ತಂತಿ ಒಳಗೆ ತಾಗಿದೆ, ತಂತಿಯ ದಪ್ಪ ಬೇರೆ, ಟ್ರಾನ್ಸ್‌ಫಾರ್ಮರ್ ಮೊದಲೇ ಕೆಟ್ಟಿತ್ತು, ನನ್ನ ಎಂಟರ ಲೆಕ್ಕವೇ ತಪ್ಪು. ಒಟ್ಟು ಒಂಬತ್ತು. ಒಂಬತ್ತಕ್ಕೂ ಒಂದೊಂದಾಗಿ ಅಡ್ಡಗೆರೆ ಎಳೆದಿದ್ದೇನೆ. ಅದು ಮುಗಿಯುವಾಗ ಇಪ್ಪತ್ತೊಂಬತ್ತನೇ ತಾರೀಕು.

ಅಪ್ಪನಿಗೆ ಏನೂ ಹೇಳಿರಲಿಲ್ಲ. ಅವರು ಕೇಳಿಯೇಬಿಟ್ಟರು. ಒಂದು ಕಡೆ ಸರಿ ಬರುತ್ತಿಲ್ಲ ಎಂದೆ.

“ಯಾವ ಕಡೆ? ನಾನ್ ಸುತ್ತಿದ್ದಾ?”

“ಎರಡೂ ಕಡೆ ನೀವೇ ಸುತ್ತಿದ್ದಲ್ದಾ ಅಪ್ಪಯ್ಯ.”

“ಎಂಟ್ ಅಂದೆ, ಎಂಟ್ ಸುತ್ತಿದ್ದೆ. ಬೇಕಾರೆ ಬಿಚ್ಚಿ ಎಣ್ಸ್” ಎಂದು ಎದ್ದು ಹೋದರು. ಅವರಿಗೆ ಬೇಸರವಾಗಿತ್ತು. ಬಲೆಯ ಕಣ್ಣು ಎಣಿಸುವುದರಲ್ಲಿ ಅವರದ್ದು ತಪ್ಪು ಎಂದು ಬೋಟಿನಲ್ಲಿ ಯಾರೂ ಈವರೆಗೆ ಹೇಳಿರಲಿಕ್ಕಿಲ್ಲ. ನಾನೂ ಹಾಗೆ ಹೇಳಿರಲಿಲ್ಲ. ಆದರೆ ಅವರಿಗೆ ಹಾಗೆ ಕೇಳಿಸಿತು.

ಮೂವತ್ತರಂದು ನಾನು ಕೆಲಸಕ್ಕೆ ರಜೆ ಹಾಕಿದೆ. ಮಾಡಲು ಏನೂ ತೋಚದೆ ಜಗಲಿಯ ಕಂಬಕ್ಕೆ ಒರಗಿ ಕುಳಿತಿದ್ದೆ. ಅಪ್ಪ ಕೊನೆಯ ಬಲೆ ಮುಗಿಸುತ್ತಿದ್ದರು. ಎಡದಿಂದ ಬಲಕ್ಕೆ ಒಂದೊಂದೇ ಗಂಟು ಹಾಕುತ್ತ ಸಾಲಿನ ಕೊನೆಗೆ ಬಂದರು. ಬಂದವರು, ಕೈಯಲ್ಲಿದ್ದ ಬಲೆಯನ್ನು ಹಾಗೇ ಮಗುಚಿ, ಹಿಂದಿನ ಮಗ್ಗುಲು ಮುಂದೆ ಮಾಡಿ, ಮತ್ತೆ ಎಡದಿಂದ ಬಲಕ್ಕೆ ಶುರು ಮಾಡಿದರು. ಬಲದಿಂದ ಎಡಕ್ಕೆ ಅವರು ಹೆಣೆಯುವುದೇ ಇಲ್ಲ. ಹುಟ್ಟಿದಂದಿನಿಂದ ಇದನ್ನು ನೋಡುತ್ತಿದ್ದೇನೆ.

ನಾನು ನೆಟ್ಟಗೆ ಕುಳಿತೆ.

“ಅಪ್ಪಯ್ಯ, ಆ ವಡೆಯನ್ನೂ ಹೀಗೇ ಮಗುಚಿದ್ರ್ಯಾ?”

“ಯಾವ್ ವಡೆ?”

“ತಂತಿ ಸುತ್ತಿದ್ದ್. ಒಂದ್ ಕಡೆ ಎಂಟ್ ಮುಗ್ದ್ ಮೇಲೆ.”

ಅಪ್ಪ ನನ್ನ ಮುಖ ನೋಡಿದರು. “ಮತ್ತೆಂತ ಮಾಡುದ್? ಒಂದ್ ಸಾಲ್ ಮುಗ್ದ್ ಮೇಲೆ ಮಗ್ಚದೆ ಇನ್ನೊಂದ್ ಸಾಲ್ ಹ್ಯಾಂಗೆ ಹಿಡುದ್?”

ಮಗುಚಿದರೆ ಮೇಲಿನದ್ದು ಕೆಳಗಾಗುತ್ತದೆ. ಮೊದಲ ಎಂಟು ಸುತ್ತಿನಲ್ಲಿ ಸೂಜಿ ತೂತಿನ ಈ ಕಡೆಯಿಂದ ಆ ಕಡೆಗೆ ಹೋಗಿದ್ದರೆ, ಎರಡನೆಯ ಎಂಟರಲ್ಲಿ ಆ ಕಡೆಯಿಂದ ಈ ಕಡೆಗೆ ಬಂದಿತ್ತು. ಅಪ್ಪನ ಕೈಗೆ ಎರಡೂ ಒಂದೇ. ಟ್ರಾನ್ಸ್‌ಫಾರ್ಮರಿಗೆ ಒಂದು ಕೂಡುವುದು, ಇನ್ನೊಂದು ಕಳೆಯುವುದು. ಹನ್ನೆರಡು ಪಾಯಿಂಟ್ ನಾಲ್ಕರಿಂದ ಎರಡು ಕಳೆದರೆ ಹತ್ತು ಪಾಯಿಂಟ್ ನಾಲ್ಕು. ಎಂಟು ಸುತ್ತಿನಲ್ಲಿ ಅರ್ಧ ಸುತ್ತೂ ಹೆಚ್ಚುಕಮ್ಮಿ ಇರಲಿಲ್ಲ; ಎಣಿಕೆ ಅಷ್ಟು ಸರಿಯಾಗಿದ್ದಕ್ಕೇ ತಪ್ಪೂ ಅಷ್ಟು ಸರಿಯಾಗಿ ಬಂದಿತ್ತು.

ನಾನು ಇದನ್ನೆಲ್ಲ ಹೇಳುತ್ತಿರುವಾಗಲೇ ಅಪ್ಪ ಕೈ ಚಾಚಿದರು. “ತಾ, ಬಿಚ್ಚಿ ಮತ್ತೆ ಸುತ್ತ್ ಕೊಡ್ತೆ.”

“ಬಿಚ್ಚೂದ್ ಬೇಡ. ಎರಡ್ ತುದಿ ಅದಲುಬದಲು ಮಾಡಿದ್ರೆ ಸಾಕ್. ಕೆಂಪಿದ್ದಲ್ಲಿ ಕಪ್ಪು.”

“ಅಷ್ಟೇಯಾ?”

“ಅಷ್ಟೇ.”

“ಅಷ್ಟಕ್ಕೆ ವಾರದಿಂದ ಮೋರೆ ಹಾಂಗೆ ಮಾಡ್ಕಂಡಿದ್ಯಾ?” ಎಂದು ಒಳಗಿನಿಂದ ಅಮ್ಮ ಕೇಳಿದರು. ಅವರು ಇಬ್ಬರಲ್ಲಿ ಯಾರಿಗೆ ಹೇಳಿದ್ದೆಂದು ಗೊತ್ತಾಗಲಿಲ್ಲ.

ಜುಲೈ ಮೂವತ್ತೊಂದು. ಅಪ್ಪ ಸಂಜೆ ನಾಲ್ಕಕ್ಕೆ ಬಂದರಿನಲ್ಲಿರಬೇಕು, ಬೋಟಿಗೆ ಐಸ್ ತುಂಬಿಸಲಿಕ್ಕಿತ್ತು. ಬೆಳಿಗ್ಗೆ ಬೆಸುಗೆ ಬದಲಿಸಿದೆ. ಎರಡೂ ಕಡೆ ಅಳೆದೆ. ಆ ದಿನ ಮನೆಯ ಕರೆಂಟು ಇನ್ನೂರ ನಲವತ್ತೇಳು ಇದ್ದದ್ದರಿಂದ ಎರಡೂ ಹದಿನೈದರ ಮೇಲೆ ಚೂರು ತೋರಿಸಿದವು. ಎರಡೂ ಒಂದೇ ಸಮ. ಡಯೋಡು, ಕೆಪಾಸಿಟರ್, ರೆಗ್ಯುಲೇಟರ್ ಸೇರಿಸಿ, ರಿಪೇರಿಯವರ ಕ್ರಮದಂತೆ ಸಾಲಿನಲ್ಲಿ ಒಂದು ಬಲ್ಬು ಇಟ್ಟು ಸ್ವಿಚ್ಚು ಹಾಕಿದೆ. ಒಳಗೆ ಎಲ್ಲಾದರೂ ತಾಗಿದ್ದರೆ ಬಲ್ಬು ಪೂರ್ತಿ ಉರಿಯುತ್ತದೆ. ಅದು ಒಮ್ಮೆ ಮಿಂಚಿ ಮಂಕಾಯಿತು. ಮೀಟರಿನಲ್ಲಿ ಹನ್ನೆರಡು, ಮೈನಸ್ ಹನ್ನೆರಡು. ಎರಡನ್ನೂ ಒಂದರ ಕೆಳಗೊಂದು ಬರೆದುಕೊಂಡೆ.

ಹಲಗೆಗಳನ್ನು ಒಂದೊಂದಾಗಿ ಕೊಟ್ಟೆ. ಪ್ರತಿ ಹಲಗೆಯ ನಂತರ ಅಳತೆ, ಪ್ರತಿ ಅಳತೆಯ ನಂತರ ಬೆರಳಿಂದ ರೆಗ್ಯುಲೇಟರ್ ಮುಟ್ಟಿ ನೋಡುವುದು. ಐಸಿಗಳಿದ್ದ ಸ್ವರದ ಹಲಗೆಯನ್ನು ಕೊನೆಗೆ ಇಟ್ಟುಕೊಂಡಿದ್ದೆ. ಎರಡು ಗಂಟೆ ಹತ್ತು ನಿಮಿಷಕ್ಕೆ ಅದನ್ನೂ ಕೊಟ್ಟು, ವಯರು ಚುಚ್ಚಿ, ಸ್ಪೀಕರಿನ ಗುಂಡಿ ತಿರುಗಿಸಿದೆ.

ಸ್ವರ ಬಂತು. ಒಂದೇ ಸ್ವರ, ದಪ್ಪ, ಉದ್ದ, ನಿಲ್ಲದ್ದು. ಇನ್ನೊಂದು ಹಲಗೆಯ ವಯರು ಸೇರಿಸಿದಾಗ ಅದು ನಿಧಾನಕ್ಕೆ ಬಾಯಿ ತೆರೆದು ಮುಚ್ಚುವ ಹಾಗೆ ಆಯಿತು. ಅಮ್ಮ ಬಾಗಿಲಲ್ಲಿ ನಿಂತು ಕಿವಿಗೆ ಸೆರಗು ಒತ್ತಿಕೊಂಡು, “ಬೆಕ್ಕ್ ಓಡ್ ಹೋಯ್ತ್ ಕಾಣ್” ಎಂದು ನಗುತ್ತ ಒಳಗೆ ಹೋದರು. ಅಪ್ಪ ಚೀಲ ಕಟ್ಟುವುದನ್ನು ಬಿಟ್ಟು ಬಂದು ಪೆಟ್ಟಿಗೆಯ ಎದುರು ನೆಲದ ಮೇಲೆ ಕುಳಿತರು. ನಾನು ಅವರ ಮುಖ ನೋಡುತ್ತಿದ್ದೆ. ಮೆಚ್ಚಿದರೋ ಇಲ್ಲವೋ ತಿಳಿಯಲಿಲ್ಲ.

“ಇದ್ರಂಗೆ ನಾನ್ ಸುತ್ತಿದ್ದ್ ಯಾವ್ದ್?” ಎಂದು ಕೇಳಿದರು.

“ಅಂದ್ರೆ?”

“ಈ ಸ್ವರದೊಳಗೆ. ನಾನ್ ಮಾಡ್ದದ್ದ್ ಎಲ್ಲಿ ಕೇಂತತ್ತ್?”

ಇದ್ದದ್ದನ್ನೇ ಹೇಳಿದೆ. “ಅದ್ ಕೇಂತಿಲ್ಲೆ ಅಪ್ಪಯ್ಯ. ಟ್ರಾನ್ಸ್‌ಫಾರ್ಮರ್ ಸದ್ದು ಕೇಂಡ್ರೆ ಹಾಳಾಯ್ತ್ ಅಂದ್ಹೇಳಿ ಲೆಕ್ಕ. ಸರಿ ಇದ್ರೆ ಎಂತದೂ ಕೇಂಬುಕಾಗ.”

ಅವರಿಗೆ ಇದು ಒಪ್ಪಿಗೆಯಾಗಲಿಲ್ಲ. ಎದ್ದು ಪೆಟ್ಟಿಗೆಯ ಹಿಂದೆ ಹೋಗಿ, ಬಗ್ಗಿ, ಪ್ಲೈವುಡ್ಡಿಗೆ ಕಿವಿ ಹಚ್ಚಿದರು. ನಾನು ಸ್ಪೀಕರ್ ಪೂರ್ತಿ ತಗ್ಗಿಸಿದೆ. ಮಳೆಯ ಸದ್ದು ಮಾತ್ರ ಉಳಿಯಿತು. ಅವರು ಎರಡೂ ಕಿವಿ ಬದಲಿಸಿ ಇಟ್ಟು ನೋಡಿದರು.

“ಎಂತದೂ ಇಲ್ಲೆ” ಎಂದರು. ಆಮೇಲೆ, “ಜೋರ್ ಮಾಡ್” ಎಂದರು.

ಮೂರೂವರೆಯವರೆಗೆ ಕುಳಿತಿದ್ದರು. ಮಧ್ಯೆ ಒಂದು ಗುಂಡಿಯನ್ನು ತಾವೇ ತಿರುಗಿಸಿ ಸ್ವರ ಕೆಳಕ್ಕೆ ಇಳಿಸಿದರು, ಮತ್ತೆ ಏರಿಸಿದರು. ಹೊರಡುವಾಗ ಹೇಗಿದೆ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಎರಡು ಹತ್ತರಿಂದ ಮೂರೂವರೆ, ಎಂಬತ್ತು ನಿಮಿಷ ಎಂದು ಬರೆದೆ. ಅದರ ಮುಂದೆ “ಸರಿ” ಎಂದು ಹಾಕುವುದೋ ಬೇಡವೋ ಎಂದು ಯೋಚಿಸುತ್ತ ಕುಳಿತೆ.

ಆರು ಗಂಟೆಗೆ ಬಂದರಿನಿಂದ ಫೋನ್ ಬಂತು. ಹಿಂದೆ ಐಸ್ ಸುರಿಯುವ ಸದ್ದು, ಜನರ ಕೂಗು.

“ಹೆಣೆ, ಅದ್ ಇನ್ನೂ ಕೂಗ್ತಾ ಇತ್ತಾ?”

“ಇತ್ತ್ ಅಪ್ಪಯ್ಯ. ಬಂದ್ ಮಾಡ್ಲಿಲ್ಲ.”

“ಫೋನ್ ಅದ್ರ್ ಹತ್ರ ಹಿಡಿ, ಕಾಂಬೊ.”

ಸ್ಪೀಕರಿನ ಎದುರು ಹಿಡಿದೆ. ಆಚೆ ಕಡೆ ಗಲಾಟೆ ಸ್ವಲ್ಪ ಕಡಿಮೆಯಾಯಿತು. ಫೋನನ್ನು ಕಿವಿಗೆ ತಂದಾಗ ಬೋಟಿನ ಯಾರೋ ಒಬ್ಬರು, “ಎಂತ ಹ್ವಾಯ್ ಅದ್, ನಿಮ್ಮನೆಯಂಗೆ ಐಸ್ ಪ್ಲಾಂಟ್ ಇಟ್ರ್ಯಾ?” ಎಂದು ಕೇಳುವುದೂ ಉಳಿದವರು ನಗುವುದೂ ಕೇಳಿಸಿತು.

“ಸುಮ್ನಿರಾ ಮಾರಾಯ. ನನ್ ಮಗ್ಳ್ ಮಾಡ್ದದ್ದ್ ಅದ್” ಎಂದು ಅಪ್ಪ ಹೇಳುತ್ತಿದ್ದರು. “ಅದ್ರೊಳಗೆ ಒಂಚೂರೂ ಕೇಂತಿಲ್ಲೆ ಅಲ್ದಾ, ಅದ್ ನಾನ್ ಮಾಡ್ದದ್ದ್.”